ತಿಂಗಳು ತುಂಬದೆ ಹುಟ್ಟಿದ ಮಗು: ನೀವು ಏನೇನು ಬರೆದಿಟ್ಟಿರಿ?

ಕೇಳಿದ್ದು:
ನನ್ನ ಮಗ 30 ವಾರಕ್ಕೇ ಹುಟ್ಟಿದ. 1,250 ಗ್ರಾಂ. ಇವತ್ತಿಗೆ 9 ದಿನ, ಇನ್ನೂ ಎನ್‌ಐಸಿಯುನಲ್ಲೇ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇದ್ದಾನೆ. ಅವನ ಬೆಳವಣಿಗೆಯನ್ನು ದಿನಾ ಬರೆದಿಡಬೇಕು ಅನ್ನಿಸುತ್ತಿದೆ. ಏನು ಬರೆಯಲಿ? ನೆಂಟರಿಗೂ ತಿಳಿಸಲಾ?

ಒಬ್ಬ ತಾಯಿ:
ಇವತ್ತೇ ಶುರು ಮಾಡಮ್ಮ. ನನ್ನ ಮಗಳು 29 ವಾರಕ್ಕೆ ಹುಟ್ಟಿದವಳು, 1,080 ಗ್ರಾಂ. ಈಗ ಅವಳಿಗೆ 4 ವರ್ಷ. ಮೊದಮೊದಲು ಔಷಧಿ ಅಂಗಡಿ ಬಿಲ್ಲಿನ ಹಿಂದೆ ಬರೆಯುತ್ತಿದ್ದೆ. ಆಮೇಲೆ ನಮ್ಮ ಯಜಮಾನರು ನೋಟ್‌ಬುಕ್ ತಂದುಕೊಟ್ಟರು.

ತೂಕ, ಎಷ್ಟು ಎಂಎಲ್ ಹಾಲು, ಉಸಿರಿಗೆ ಯಾವ ಮೆಷಿನ್, ಡಾಕ್ಟರ್ ಏನಂದರು. ಜೊತೆಗೆ ನಾನು ಕಣ್ಣಾರೆ ನೋಡಿದ್ದು ಒಂದು ಸಾಲು. ಆ ಸಾಲು ಮಾತ್ರ ಬಿಡಬೇಡ. 11ನೇ ದಿನದ್ದು ಹೀಗಿದೆ: ‘ಎರಡು ಗಂಟೆಗೊಮ್ಮೆ 6 ಎಂಎಲ್. ನಳಿಕೆಯಲ್ಲಿ ಹಾಲು ಇಳಿಯುವಾಗ ತುಟಿ ಚಪ್ಪರಿಸಿದಳು.’ ನಳಿಕೆ ಬಿಟ್ಟು ಒಳಲೆಯಲ್ಲಿ ಕುಡಿದ ದಿನವನ್ನು ಕೆಂಪು ಪೆನ್ನಿನಲ್ಲಿ ಬರೆದಿದ್ದೇನೆ.

ತೂಕ ಮೊದಲು ಇಳಿಯುತ್ತದೆ, ಹೆದರಬೇಡ. ನಮ್ಮವಳು 5ನೇ ದಿನಕ್ಕೆ 985 ಗ್ರಾಂಗೆ ಇಳಿದಿದ್ದಳು. ಮತ್ತೆ 1,080 ಆಗಿದ್ದು 13ನೇ ದಿನ. ಬರೆಯಲು ಆಗದ ದಿನ ತಾರೀಖು ಹಾಕಿ ಬಿಟ್ಟುಬಿಡು. ನನ್ನದರಲ್ಲೂ 3 ಪುಟ ಖಾಲಿ ಇವೆ. ಇನ್ಫೆಕ್ಷನ್ ಆಗಿದೆ ಅಂದ ದಿನಗಳು ಅವು.

ಮನೆಗೆ ಬಂದ ಮೇಲೆ ಎರಡು ವಯಸ್ಸು ಬರೆ. ಹುಟ್ಟಿದ ದಿನದಿಂದ ಒಂದು, ಡಾಕ್ಟರ್ ಕೊಟ್ಟಿದ್ದ ಹೆರಿಗೆ ತಾರೀಖಿನಿಂದ ಒಂದು. ನಿನ್ನ ಮಗ 10 ವಾರ ಮುಂಚೆ ಬಂದಿದ್ದಾನೆ ಅಲ್ವಾ, 6 ತಿಂಗಳಾದಾಗ ಅವನು ಇನ್ನೂ 4 ತಿಂಗಳೂ ತುಂಬದ ಮಗು. ಕತ್ತು ನಿಲ್ಲುವುದು, ಮಗುಚಿಕೊಳ್ಳುವುದು, ಕೂರುವುದು, 2 ವರ್ಷದವರೆಗೆ ಎಲ್ಲಕ್ಕೂ ಈ ಲೆಕ್ಕವೇ. ಲಸಿಕೆಗೆ ಮಾತ್ರ ಹುಟ್ಟಿದ ದಿನದ ಲೆಕ್ಕ. ‘ಪಕ್ಕದ ಮನೆ ಮಗು ಆಗಲೇ ಕೂತ್ಕೊಳ್ತಿದೆ’ ಅಂತ ಯಾರಾದರೂ ಅಂದರೆ ನಾನು ಒಳಗೆ ಹೋಗಿ ಆ ಪುಟ ನೋಡಿಕೊಂಡು ಬರುತ್ತಿದ್ದೆ.

ಎನ್‌ಐಸಿಯು ನರ್ಸ್:
ಮೊದಲ ಪುಟದಲ್ಲೇ ಕಣ್ಣಿನ ಪರೀಕ್ಷೆಯ ತಾರೀಖು ಬರೆಯಿರಿ. 34 ವಾರಕ್ಕಿಂತ ಮುಂಚೆ ಹುಟ್ಟಿದ ಅಥವಾ 2 ಕೆಜಿಗಿಂತ ಕಡಿಮೆ ಇರುವ ಮಕ್ಕಳಿಗೆ ಹುಟ್ಟಿದ 30 ದಿನದೊಳಗೆ ರೆಟಿನಾ, ಅಂದರೆ ಕಣ್ಣಿನ ಒಳಪದರ, ನೋಡಿಸಲೇಬೇಕು. ಆರ್‌ಒಪಿ ಪರೀಕ್ಷೆ ಅನ್ನುತ್ತೇವೆ; ಆರ್‌ಒಪಿ ಅಂದರೆ ತಿಂಗಳು ತುಂಬದೆ ಹುಟ್ಟಿದ ಮಕ್ಕಳ ರೆಟಿನಾಗೆ ಬರುವ ತೊಂದರೆ. ಹೊರಗಿನಿಂದ ಕಣ್ಣು ಚೆನ್ನಾಗೇ ಕಾಣುತ್ತದೆ, ಡಿಸ್ಚಾರ್ಜ್ ಗಡಿಬಿಡಿಯಲ್ಲಿ ಮರೆತುಹೋಗುತ್ತದೆ. ತಡವಾದರೆ ದೃಷ್ಟಿಯೇ ಹೋಗಬಹುದು. ಒಂದು ಸಲಕ್ಕೆ ಮುಗಿಯುವುದೂ ಇಲ್ಲ, ಮುಂದಿನ ತಾರೀಖು ಕೇಳಿಕೊಂಡೇ ಬನ್ನಿ. ಜಿಲ್ಲೆಯಲ್ಲಿದ್ದರೆ ಕಿಡ್‌ರಾಪ್ ತಂಡ ನಿಮ್ಮ ಕಡೆ ಬರುತ್ತದಾ ಅಂತ ವಿಚಾರಿಸಿ. 2008ರಿಂದ ಕರ್ನಾಟಕದ ಊರುಗಳಿಗೇ ಕ್ಯಾಮೆರಾ ತೆಗೆದುಕೊಂಡು ಹೋಗಿ ಪರೀಕ್ಷೆ ಮಾಡುತ್ತಿದ್ದಾರೆ.

ಒಬ್ಬ ತಂದೆ:
ನೆಂಟರ ಬಗ್ಗೆ ಕೇಳಿದ್ದೀರಿ. ನನ್ನ ಹೆಂಡತಿ ಹಾಲು ಹಿಂಡುತ್ತಾ ಕೂತಾಗಲೂ ಫೋನ್ ಬರುತ್ತಿತ್ತು. ಹೇಳಿದ್ದನ್ನೇ ಹೇಳಿ ಹೇಳಿ ಅವಳು ಅತ್ತುಬಿಡುತ್ತಿದ್ದಳು. ಕೊನೆಗೆ ರಾತ್ರಿ 8ಕ್ಕೆ ಮನೆಯವರ ವಾಟ್ಸ್‌ಆ್ಯಪ್ ಗ್ರೂಪಿಗೆ ನಾನೇ ಮೂರು ಸಾಲು ಹಾಕತೊಡಗಿದೆ. ಫೋನ್ ನಿಂತವು. ಫೋಟೋ ಮಾತ್ರ ಕಳಿಸಲಿಲ್ಲ, ಟ್ಯೂಬ್ ಹಾಕಿದ ಮಗನ ಫೋಟೋ ಊರೆಲ್ಲಾ ಸುತ್ತುವುದು ನಮಗೆ ಬೇಡವಾಗಿತ್ತು. ಆದರೆ ವಾರ್ಡಿನವರನ್ನು ಕೇಳಿ, ಫ್ಲ್ಯಾಶ್ ಇಲ್ಲದೆ, ನಿಮಗೋಸ್ಕರ ತೆಗೆದಿಟ್ಟುಕೊಳ್ಳಿ. ನಾವು ಪ್ರತಿ ಸೋಮವಾರ ಅವನ ಅಂಗೈ ಪಕ್ಕ ನನ್ನ ಕಿರುಬೆರಳು ಇಟ್ಟು ಒಂದು ಫೋಟೋ ತೆಗೆಯುತ್ತಿದ್ದೆವು. ಅಂಥವು 8 ಇವೆ.