ಟರೆಟ್ ಕೊನೆಮುಟ್ಟಿದರೂ ಗುಂಡು ಕೆಳಗೇ: ತಪ್ಪು ಸ್ಕೋಪಿನದೋ, ಬೇಸಿನದೋ?

ಪ್ರಶ್ನೆ:
.308 ಬೋಲ್ಟ್ ಆಕ್ಷನ್ ರೈಫಲ್. ಮುಂದೊಂದು ಹಿಂದೊಂದು ಬಿಡಿ ಬೇಸ್ (ರೈಫಲ್ ಮೇಲೆ ಸ್ಕ್ರೂ ಹಾಕಿ ಕೂರಿಸುವ ತಳಪಟ್ಟಿ), ಸ್ಕೋಪ್ (ಗುರಿ ನೋಡುವ ದುರ್ಬೀನು) ಹಿಡಿಯುವ 30 ಮಿ.ಮೀ. ರಿಂಗ್. ಸ್ಕೋಪಿನ ಒಟ್ಟು ಎಲಿವೇಶನ್ (ಮೇಲೆ-ಕೆಳಗೆ ಹೊಂದಿಸುವ ಓಟ) 60 ಎಂಒಎ (ಒಂದು ಎಂಒಎ ಅಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ), ಕ್ಲಿಕ್‌ಗೆ ಕಾಲು ಎಂಒಎ. ಟರೆಟ್ (ಅದನ್ನು ಹೊಂದಿಸಲು ತಿರುಗಿಸುವ ಗುಂಡಿ) 'ಮೇಲೆ' ದಿಕ್ಕಿಗೆ ಪೂರ್ತಿ ತಿರುಗಿದೆ. ಆದರೂ 50 ಮೀಟರಿನಲ್ಲಿ ಗುಂಡು 30 ಸೆಂ.ಮೀ. ಕೆಳಗೆ. ಎಡ-ಬಲ ಸರಿಯಿದೆ. ಹಿಂದಿನ ರಿಂಗಿನೊಳಗೆ ತಗಡಿನ ಶಿಮ್ (ಎತ್ತರಿಸುವ ತೆಳು ತುಂಡು) ಇಟ್ಟರೆ ಸಾಕಾ?

ಉತ್ತರ 1:
ಶಿಮ್ ಆಮೇಲೆ, ಮೊದಲು ಲೆಕ್ಕ. 50 ಮೀಟರಿಗೆ 1 ಎಂಒಎ ಅಂದರೆ ಸುಮಾರು 14.5 ಮಿ.ಮೀ. ಹಾಗಾಗಿ 30 ಸೆಂ.ಮೀ. ಅಂದರೆ ಹೆಚ್ಚುಕಡಿಮೆ 21 ಎಂಒಎ. ನಡುವಿನಿಂದ ತುದಿಯವರೆಗೆ ಟರೆಟ್ ಆಗಲೇ 30 ತಿಂದಿದೆ. ಒಟ್ಟು ತಪ್ಪು 51. ರಿಂಗ್‌ಗಳ ನಡುವೆ 100 ಮಿ.ಮೀ. ಇದ್ದರೆ ಹಿಂಭಾಗ ಸುಮಾರು 1.5 ಮಿ.ಮೀ. ತಗ್ಗಿದೆ ಅಂತಾಯಿತು. ಇಷ್ಟು ದೊಡ್ಡ ತಪ್ಪಿಗೆ ಮೊದಲ ಅನುಮಾನ ಬೇಸ್ ಅದಲುಬದಲಾಗಿರುವುದು. ರಿಸೀವರಿನ (ಬ್ಯಾರೆಲ್ ಹಿಂದೆ ಬೋಲ್ಟ್ ಕೂರುವ ಭಾಗ) ಹಿಂಭಾಗ ತಗ್ಗಿರುವ ರೈಫಲ್‌ಗಳಿಗೆ ಹಿಂದಿನ ಬೇಸ್ ದಪ್ಪಗಿರುತ್ತದೆ. ಅದು ಮುಂದಕ್ಕೆ ಹೋದರೆ ದಪ್ಪದ ವ್ಯತ್ಯಾಸ ಎರಡರಷ್ಟಾಗಿ ಕಾಡುತ್ತದೆ: 0.75 ಮಿ.ಮೀ. ವ್ಯತ್ಯಾಸ ಸಾಕು, ನಿಮ್ಮ 1.5 ಸಿಕ್ಕಿತು.

ರೈಫಲ್ ಖಾಲಿ ಮಾಡಿ, ಬೋಲ್ಟ್ ಹೊರತೆಗೆದು, ಸ್ಕೋಪ್ ಇಳಿಸಿ. ಎರಡೂ ಬೇಸುಗಳ ಮೇಲೆ ಉಕ್ಕಿನ ನೇರಪಟ್ಟಿ ಇಟ್ಟು ನೋಡಿ. ಸಂದಿನಲ್ಲಿ ಬೆಳಕು ಕಂಡರೆ ಕ್ಯಾಲಿಪರ್ ಹಿಡಿದು ದಪ್ಪ ಅಳೆಯಿರಿ.

ಉತ್ತರ 2:
ರಿಂಗಿನೊಳಗೆ ಶಿಮ್ ಬೇಡವೇ ಬೇಡ. ರಿಂಗ್ ಓರೆಯಾಗಿ ಟ್ಯೂಬನ್ನು ಹಿಡಿಯುತ್ತದೆ. ಟ್ಯೂಬಿನ ಮೇಲೆ ಗೀರು ಬೀಳುತ್ತದೆ, ಹೆಚ್ಚು ಬಿಗಿದರೆ ಅದು ಬಾಗಿ ಟರೆಟ್ಟೇ ಸಿಕ್ಕಿಕೊಳ್ಳುತ್ತದೆ. ಬೇಸ್ ಅದಲುಬದಲಾಗಿಲ್ಲ ಅನ್ನುವುದು ಖಚಿತವಾದರೆ 20 ಎಂಒಎ ಇಳಿಜಾರಿನ ಒಂದೇ ತುಂಡಿನ ರೈಲ್, ಇಲ್ಲವೇ ಒಳಗೆ ಗೋಳಾಕಾರದ ಇನ್ಸರ್ಟ್ ಇರುವ ರಿಂಗ್ ಹಾಕಿ. ರೈಲಿನ ಎತ್ತರದ ತುದಿ ಹಿಂದಕ್ಕೇ ಇರಬೇಕು. ತಿರುಗಿಸಿ ಕೂರಿಸಿ ತಲೆಕೆಡಿಸಿಕೊಂಡವರು ಕಡಿಮೆಯೇನಿಲ್ಲ.

ಸ್ಕ್ರೂ ಉದ್ದವನ್ನೂ ನೋಡಿ. ಉದ್ದವಾದದ್ದು ತೂತಿನ ತಳ ಮುಟ್ಟಿ ನಿಂತರೆ ಕೈಗೆ ಬಿಗಿ ಅನಿಸುತ್ತದೆ, ಬೇಸ್ ಮಾತ್ರ ಅಲ್ಲಾಡುತ್ತಿರುತ್ತದೆ. ತಯಾರಕರು ಬೇರೆ ಹೇಳದಿದ್ದರೆ ರಿಂಗ್ ಮೇಲ್ಭಾಗದ ಸ್ಕ್ರೂಗಳಿಗೆ 1.7ರಿಂದ 2 ನ್ಯೂಟನ್ ಮೀಟರ್ ಟಾರ್ಕ್ ಸಾಕು. ಅಡ್ಡಡ್ಡವಾಗಿ, ಸ್ವಲ್ಪಸ್ವಲ್ಪವೇ ಬಿಗಿಯಿರಿ. ಎರಡೂ ಬದಿಯ ಸಂದು ಒಂದೇ ಸಮ ಇರಲಿ.

ಪ್ರಶ್ನೆ ಕೇಳಿದವರು:
ಅಳೆದೆ. ಮುಂದಿನ ಬೇಸ್ ಹಿಂದಿನದಕ್ಕಿಂತ 0.8 ಮಿ.ಮೀ. ದಪ್ಪ. ಅದಲುಬದಲು ಮಾಡಿದ ಮೇಲೆ ನೇರಪಟ್ಟಿಯ ಕೆಳಗೆ ಸಂದಿಲ್ಲ. ಟರೆಟ್ ಈಗಲೂ ತುದಿಯಲ್ಲೇ ಇದೆ, ಹಾಗೇ ಬಿಡಬಹುದಾ?

ಉತ್ತರ 1:
ಬೇಡ, ಈಗ ಗುಂಡು ಗುರಿಹಾಳೆಯ ಮೇಲಿಂದ ಹಾರೀತು. ಒಂದು ತುದಿಯಿಂದ ಇನ್ನೊಂದಕ್ಕೆ ಕ್ಲಿಕ್ ಎಣಿಸಿ, ಅರ್ಧಕ್ಕೆ ತನ್ನಿ. 60 ಎಂಒಎಗೆ 240 ಬರಬೇಕು, ಅಂದರೆ 120. ತುದಿಯಲ್ಲಿ ಒಳಗಿನ ಸ್ಪ್ರಿಂಗ್ ಸಡಿಲವಾಗಿ ಝೀರೋ (ಹೊಂದಿಸಿದ ಗುರಿ) ನಿಲ್ಲದಿರಬಹುದು, ಎಡ-ಬಲದ ಓಟವೂ ಮೊಟಕಾಗುತ್ತದೆ. ಆಮೇಲೆ ಬೋಲ್ಟ್ ತೆಗೆದು ಬ್ಯಾರೆಲ್ ಒಳಗಿಂದಲೇ ನೋಡಿ ಗುರಿ ಹೊಂದಿಸಿ, 25 ಮೀಟರಿನಿಂದ ಶುರು ಮಾಡಿ. ಅಲ್ಲಿ ಒಂದು ಕ್ಲಿಕ್ 2 ಮಿ.ಮೀ.ಗಿಂತ ಕೊಂಚ ಕಡಿಮೆ.

ಉತ್ತರ 3:
ರಿಂಗ್ ಬಿಗಿಯುವ ಮುಂಚೆ ತೂಗುಬಿಟ್ಟ ದಾರಕ್ಕೆ ರೆಟಿಕಲ್ಲಿನ (ಸ್ಕೋಪಿನೊಳಗೆ ಕಾಣುವ ಗುರಿಗೆರೆಗಳ) ಲಂಬಗೆರೆ ಹೊಂದಿಸಿ. 3 ಡಿಗ್ರಿ ವಾಲಿದ್ದರೂ 20 ಎಂಒಎ ಮೇಲೆ ತಿರುಗಿಸಿದಾಗ ಗುಂಡು 1 ಎಂಒಎ ಪಕ್ಕಕ್ಕೆ ಹೋಗುತ್ತದೆ. ರಿಂಗನ್ನು ಬೇಸಿನ ಅಡ್ಡಗಾಡಿಯಲ್ಲಿ ಬ್ಯಾರೆಲ್ ಕಡೆಗೆ ಒತ್ತಿ ಹಿಡಿದು ಬಿಗಿಯಿರಿ. ರೈಫಲ್ ಹಿಂದಕ್ಕೆ ಒದ್ದಾಗ ಸ್ಕೋಪ್ ಜಾರುವುದು ಮುಂದಕ್ಕೇ.