ಅಪ್‌ಡೇಟ್: ಗ್ರಾನೈಟ್ ಧೂಳಿನ್ಯಾಗ ಸ್ಮಾರ್ಟ್‌ವಾಚ್ ಉಳಿಸೋದು

ಇಳಕಲ್ ಗ್ರಾನೈಟ್ ಘಟಕದಾಗ ಕೆಲಸ ಮಾಡೋರ ವಾಚಿಗೆ ಏನು ಹಾಕಬೇಕು ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆ ಥ್ಯಾಂಕ್ಸ್ ರೀ. ಈಗ ಹಾಕಿರೋದು ಟಿಪಿಯು ಫಿಲ್ಮ್ (ಗಾಜಿಗೆ ಅಂಟಿಸೋ ಮೆತ್ತನ ಪ್ಲಾಸ್ಟಿಕ್ ಪದರ) ಮತ್ತು ಅಂಚು ಗಾಜಿಗಿಂತ ಸ್ವಲ್ಪ ಎತ್ತರ ಇರೋ ಮೆತ್ತನ ಬಂಪರ್ (ವಾಚಿನ ಸುತ್ತ ಹಾಕೋ ಚೌಕಟ್ಟು).

ಗೀರು ಬೀಳೋದಕ್ಕ ಕಾರಣ ಕಲ್ಲಿನ್ಯಾಗಿನ ಕ್ವಾರ್ಟ್ಜ್ ಅನ್ನೋ ಖನಿಜ. ಗಡಸುತನವನ್ನ 1ರಿಂದ 10ರ ತನಕ ಅಳೆಯೋ ಮೋಸ್ ಮಾಪಕದಾಗ ಅದು 7, ಗಾಜಿಂದು 5.5ರ ಆಸುಪಾಸು. ಅದಕ್ಕ ಒಣ ಬಟ್ಟೆಲೆ ಒರಸೋದು ಅಂದ್ರ ಉಪ್ಪುಕಾಗದ ತಿಕ್ಕಿದಂಗ. ಮೊದಲು ನಳದ ಸಣ್ಣ ಧಾರೆಗೆ ಹಿಡಿದು ಧೂಳು ಇಳಿಸಿ, ಆಮ್ಯಾಲೆ ಮೈಕ್ರೋಫೈಬರ್ ಬಟ್ಟೆ ಒತ್ತಿ ತೇವ ತೆಗೀರಿ. ವಾಚಿನ ಮ್ಯಾಲೆ 5 ಎಟಿಎಂ (ನೀರು ತಡೆಯೋ ಮಟ್ಟ) ಅಂತ ಬರೆದಿದ್ರೂ ಮಶಿನ್ನಿನ ಜೋರು ನೀರಿಗೆ ಹಿಡೀಬ್ಯಾಡ್ರಿ.

ಪೂರ್ತಿ ಮುಚ್ಚೋ ಗಟ್ಟಿ ಕವರ್ ಇಲ್ಲಿ ಉಪಯೋಗಿಲ್ಲ: ಒಳಗ ಸಿಕ್ಕ ಧೂಳೇ ಗಾಜು ಕೆರೀತದ. ಬಂಪರ್ ಆದ್ರೂ ವಾರಕ್ಕೊಮ್ಮೆ ಬಿಚ್ಚಿ ತೊಳೀಬೇಕು. ಬಾಗಿದ ಗಾಜಿಗೆ ಟೆಂಪರ್ಡ್ ಗ್ಲಾಸ್ ಅಂಚಿನ್ಯಾಗ ಏಳತದ.

ಸಫೈರ್ ಗಾಜು (ಗಡಸುತನ 9) ಕಲ್ಲಿನ ಧೂಳು ತಡೀತದ, ಆದ್ರ ಪಾಲಿಶ್ ಮಾಡೋ ಕಲ್ಲಿನ್ಯಾಗಿನ ಸಿಲಿಕಾನ್ ಕಾರ್ಬೈಡ್ ಅದನ್ನೂ ಗೀರತದ. ಗೀರು ತೆಗ್ಯಾಕ ಟೂತ್‌ಪೇಸ್ಟ್ ತಿಕ್ಕೋ ಸಲಹೆ ಮಾತ್ರ ಬಿಟ್ಟುಬಿಡ್ರಿ, ಗಾಜಿನ ಮೇಲಿನ ಲೇಪನ ಹೋಗತದ. ಪಟ್ಟಿಯ ಸ್ಪ್ರಿಂಗ್ ಪಿನ್ನು ಬೆವರಿಗೆ ತುಕ್ಕು ಹಿಡದಾವೇನು ಅಂತ ಎಳೆದು ನೋಡ್ರಿ.