ಬ್ಲೂಟೂತ್ ಸಿಗುತ್ತದೆ, ಕಾಲ್ ಬರುತ್ತದೆ, ಮ್ಯಾಪ್ ಮಾತ್ರ ಕಾರಿನ ಸ್ಕ್ರೀನಿಗೆ ಬರುವುದಿಲ್ಲ

ನೀರ್ಚಾಲಿನಿಂದ:
ನಮಸ್ಕಾರ. ಫೋನಿನ ಮ್ಯಾಪ್, ಹಾಡುಗಳನ್ನು ಕೇಬಲ್ ಇಲ್ಲದೆ ಕಾರಿನ ಸ್ಕ್ರೀನಿಗೆ ತರುವ ವೈರ್‌ಲೆಸ್ ಆಂಡ್ರಾಯ್ಡ್ ಆಟೋದ್ದು ತೊಂದರೆ. ಕಾರಿನ ಜೊತೆಗೇ ಬಂದ ಸ್ಕ್ರೀನ್, ಫೋನಿನಲ್ಲಿ ಆಂಡ್ರಾಯ್ಡ್ 13. ಆರು ತಿಂಗಳು ಚೆನ್ನಾಗಿತ್ತು. ಈಗ ಕೆಲವು ದಿನ ಬರುತ್ತದೆ, ಕೆಲವು ದಿನ ಇಲ್ಲವೇ ಇಲ್ಲ. ಬಾರದ ದಿನ ಸ್ಕ್ರೀನಿನಲ್ಲಿ ಚಕ್ರ ಸುತ್ತುತ್ತಾ ಇರುತ್ತದೆ, ಅರ್ಧ ನಿಮಿಷ ಕಳೆದು ಹಳೇ ಮೆನುವಿಗೆ ಬಂದು ನಿಲ್ಲುತ್ತದೆ. ಆದರೆ ಬ್ಲೂಟೂತ್ ಸಿಕ್ಕಿರುತ್ತದೆ, ಕಾಲ್ ಬಂದರೆ ಕಾರಿನ ಸ್ಪೀಕರಿನಲ್ಲೇ ಮಾತಾಡಬಹುದು.

ಅಪ್ಪನನ್ನು ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಮಂಗಳೂರಿಗೆ ಕರೆದುಕೊಂಡು ಹೋಗಬೇಕು. ಕುಂಬಳೆಯಿಂದ ತಲಪಾಡಿವರೆಗೆ ಹೆದ್ದಾರಿ ಅಗಲ ಆದ ಮೇಲೆ ಎಲ್ಲಿ ಸರ್ವಿಸ್ ರೋಡಿಗೆ ಇಳಿಯಬೇಕು ಅಂತಲೇ ತಪ್ಪಿಹೋಗುತ್ತದೆ. ಒಂದು ತಿರುವು ತಪ್ಪಿದರೆ ಅಪ್ಪನಿಗೆ ಅಷ್ಟು ಹೊತ್ತು ಜಾಸ್ತಿ ಕೂರಬೇಕು. ಅದಕ್ಕೇ ಈ ಮ್ಯಾಪ್ ನನಗೆ ಬೇಕೇ ಬೇಕು.

ಎರಡೂ ಕಡೆ ಪೇರಿಂಗ್ ಅಳಿಸಿ ನಾಲ್ಕು ಸಲ ಹೊಸದಾಗಿ ಮಾಡಿದೆ. ಒಂದು ಅಂಗಡಿಯವರು ಸ್ಕ್ರೀನನ್ನೇ ಬದಲಿಸಬೇಕು ಅಂದರು.

ಉಪ್ಪಳದಿಂದ:
ಸ್ಕ್ರೀನ್ ಬದಲಿಸಲು ಈಗಲೇ ಹೋಗಬೇಡಿ ಮಾರಾಯ್ರೆ. ಮೊದಲು ಕೇಬಲ್ ಹಾಕಿ ನೋಡಿ. ಬರೀ ಚಾರ್ಜ್ ಆಗುವ ಕೇಬಲ್ ಅಲ್ಲ, ಡೇಟಾ ಹೋಗುವಂಥದ್ದು. ಆಮೇಲೆ ಕಾರಿನ ಗಡಿಯಾರದಲ್ಲಿ ತಾರೀಕು ಸರಿ ಉಂಟಾ ನೋಡಿ. ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ತಾರೀಕು ಹಿಂದೆ ಹೋಗಿದ್ದರೂ ಆಂಡ್ರಾಯ್ಡ್ ಆಟೋ ಕನೆಕ್ಟ್ ಆಗದೆ ಇರಬಹುದು. ಫೋನಿನಲ್ಲಿ ವಿಪಿಎನ್ (ಇಂಟರ್ನೆಟ್ಟನ್ನು ಬೇರೆ ಸರ್ವರ್ ಮೂಲಕ ಕಳಿಸುವ ಆಪ್) ಇದ್ದರೆ ಆಫ್ ಮಾಡಿ.

ನೀರ್ಚಾಲಿನಿಂದ:
ಕೇಬಲ್ ಹಾಕಿದರೆ ಕೂಡಲೇ ಬಂತು. ತಾರೀಕು ಸರಿ ಇದೆ. ವಿಪಿಎನ್ ಇಲ್ಲ.

ಪುತ್ತೂರಿನಿಂದ:
ಅಣ್ಣ, ಕೇಬಲ್‌ನಲ್ಲಿ ಬರುತ್ತದೆ ಅಂದರೆ ಸ್ಕ್ರೀನೂ ಸರಿ, ಆಪ್ ಕೂಡ ಸರಿ. ಹಾಗಾದರೆ ತೊಂದರೆ ಇರುವುದು ವೈಫೈನಲ್ಲಿ.

ಬ್ಲೂಟೂತ್ ಸಿಕ್ಕಿದ್ದನ್ನು ನೋಡಿ ಎಲ್ಲ ಸರಿ ಉಂಟು ಅಂದುಕೊಳ್ಳುತ್ತೇವೆ, ಅಲ್ವಾ? ಆದರೆ ಬ್ಲೂಟೂತ್ ಇಲ್ಲಿ ಪರಿಚಯ ಮಾಡಿಸುವ ಕೆಲಸ ಮಾತ್ರ ಮಾಡುತ್ತದೆ. ಕಾರು ತನ್ನ ವೈಫೈ ಹೆಸರು, ಪಾಸ್‌ವರ್ಡ್ ಎರಡನ್ನೂ ಬ್ಲೂಟೂತ್ ಮೂಲಕ ಫೋನಿಗೆ ಕೊಡುತ್ತದೆ. ಫೋನ್ ಆ ವೈಫೈಗೆ ಸೇರಿಕೊಳ್ಳುತ್ತದೆ, ಸಾಮಾನ್ಯವಾಗಿ 5 ಗಿಗಾಹರ್ಟ್ಸ್‌ನಲ್ಲಿ, ಅಂದರೆ ವೈಫೈಯ ವೇಗದ ಬ್ಯಾಂಡಿನಲ್ಲಿ. ಮ್ಯಾಪಿನ ಚಿತ್ರ, ಹಾಡು ಎಲ್ಲ ಹೋಗುವುದು ಆ ದಾರಿಯಲ್ಲಿ. ಇಡೀ ಸ್ಕ್ರೀನಿನ ವಿಡಿಯೊ ಹೊರುವ ವೇಗ ಬ್ಲೂಟೂತ್‌ಗೆ ಇಲ್ಲ. ಕಾಲ್‌ಗೆ ಅದು ಸಾಕು, ಅದಕ್ಕೇ ನಿಮಗೆ ಕಾಲ್ ಬರುತ್ತಾ ಇರುವುದು. ಐಫೋನಿನ ವೈರ್‌ಲೆಸ್ ಕಾರ್‌ಪ್ಲೇಗೂ ಇದೇ ಕ್ರಮ. ಆಂಡ್ರಾಯ್ಡ್‌ನಲ್ಲಾದರೆ 11 ಅಥವಾ ಅದರ ಮೇಲಿನದ್ದು, 5 ಗಿಗಾಹರ್ಟ್ಸ್ ವೈಫೈ ಇರುವ ಫೋನ್ ಬೇಕು. ಆರು ತಿಂಗಳು ನಡೆದಿದೆ ಅಂದಮೇಲೆ ನಿಮ್ಮ ಫೋನಿಗೆ ಅದೆಲ್ಲ ಉಂಟು.

ಈಗ ಒಂದು ವಿಷಯ ಸರಿಯಾಗಿ ನೆನಪು ಮಾಡಿ ಹೇಳಿ. ಬಾರದ ದಿನ ಕಾರಿನಲ್ಲಿ ಯಾರು ಯಾರು ಇರುತ್ತಾರೆ? ಒಬ್ಬರೇ ಹೋಗುವಾಗಲೂ ಹೀಗೇ ಆಗುತ್ತದಾ?

ನೀರ್ಚಾಲಿನಿಂದ:
ನೀವು ಕೇಳಿದ ಮೇಲೆ ಯೋಚಿಸಿದೆ. ಒಬ್ಬನೇ ಬದಿಯಡ್ಕ ಪೇಟೆಗೆ ಹೋಗುವಾಗ ಒಮ್ಮೆಯೂ ತಪ್ಪಿಲ್ಲ. ಅಪ್ಪ ಇರುವ ದಿನ ಮಾತ್ರ ಹೀಗೆ. ಕಳೆದ ತಿಂಗಳು ಅವರಿಗೆ ಒಂದು ಟ್ಯಾಬ್ ತಂದುಕೊಟ್ಟೆ, ದಾರಿಯಲ್ಲಿ ತಾಳಮದ್ದಳೆ ನೋಡಲಿ ಅಂತ. ಅದಕ್ಕೆ ಸಿಮ್ ಇಲ್ಲ. ಹೊರಡುವ ಮೊದಲು ನನ್ನ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ ಕೊಡುತ್ತೇನೆ.

ಪುತ್ತೂರಿನಿಂದ:
ಅದೇ ನೋಡಿ! ಎಷ್ಟೋ ಫೋನ್‌ಗಳಲ್ಲಿ ಹಾಟ್‌ಸ್ಪಾಟ್ ಆನ್ ಆದ ಕೂಡಲೇ ವೈಫೈ ಆಫ್ ಆಗುತ್ತದೆ. ಬೇರೆಯವರಿಗೆ ವೈಫೈ ಕೊಡುತ್ತಾ ತಾನು ಕಾರಿನ ವೈಫೈಗೂ ಸೇರಿಕೊಳ್ಳಲು ಅವುಗಳಿಗೆ ಆಗುವುದಿಲ್ಲ. ಎರಡನ್ನೂ ಒಟ್ಟಿಗೆ ಮಾಡುವ ಫೋನ್‌ಗಳೂ ಉಂಟು, ನಿಮ್ಮದು ಆ ಜಾತಿಯದ್ದಲ್ಲ ಅಂತ ಕಾಣುತ್ತದೆ. ಹಾಟ್‌ಸ್ಪಾಟ್ ಆಫ್ ಮಾಡಿ, ವೈಫೈ ಆನ್ ಉಂಟಾ ನೋಡಿ, ಕಾರನ್ನು ಒಮ್ಮೆ ಆಫ್ ಮಾಡಿ ಸ್ಟಾರ್ಟ್ ಮಾಡಿ.

ನೀರ್ಚಾಲಿನಿಂದ:
ಇವತ್ತು ಮಂಗಳೂರಿಗೆ ಹೋಗಿಬಂದೆವು. ಬೇಕೆಂದೇ ಮೊದಲು ಹಾಟ್‌ಸ್ಪಾಟ್ ಆನ್ ಮಾಡಿ ಹೊರಟೆ. ಅದೇ ಚಕ್ರ. ಸೀತಾಂಗೋಳಿಯಲ್ಲಿ ಬದಿಗೆ ನಿಲ್ಲಿಸಿ ಫೋನಿನ ಪರದೆ ಕೆಳಗೆ ಎಳೆದು ನೋಡಿದರೆ ಹಾಟ್‌ಸ್ಪಾಟ್ ಗುರುತು ನೀಲಿ, ಪಕ್ಕದಲ್ಲೇ ವೈಫೈ ಗುರುತು ಬೂದು. ಇಷ್ಟು ದಿನ ಕಣ್ಣೆದುರೇ ಇತ್ತು. ಅದನ್ನು ಆಫ್ ಮಾಡಿ, ಇದನ್ನು ಆನ್ ಮಾಡಿ, ಕಾರು ಸ್ಟಾರ್ಟ್ ಮಾಡಿದೆ. ಹತ್ತು ಎಣಿಸುವಷ್ಟರಲ್ಲಿ ಮ್ಯಾಪ್ ಬಂತು. ಕುಂಬಳೆಯಿಂದ ತಲಪಾಡಿವರೆಗೆ ಒಂದು ತಿರುವೂ ತಪ್ಪಲಿಲ್ಲ. ನಿಮಗೆ ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಾಗುತ್ತಿಲ್ಲ ಅಣ್ಣ.

ಅಪ್ಪನ ಟ್ಯಾಬ್‌ಗೆ ಮಾತ್ರ ಒಂದು ದಾರಿ ಬೇಕು. ಡಯಾಲಿಸಿಸ್ ಮುಗಿಸಿ ಬರುವಾಗ ಅವರಿಗೆ ತುಂಬ ಸುಸ್ತು, ಆಗ ಅದೊಂದೇ ಸಮಾಧಾನ.

ಉಪ್ಪಳದಿಂದ:
ಹಿಂದಿನ ರಾತ್ರಿ ಮನೆಯ ವೈಫೈನಲ್ಲಿ ಎರಡು ಪ್ರಸಂಗ ಡೌನ್‌ಲೋಡ್ ಮಾಡಿಡಿ. ಹೋಗಲು ಒಂದು, ಬರಲು ಒಂದು. ಅಮ್ಮನೋ ತಮ್ಮನೋ ಜೊತೆಗಿದ್ದರೆ ಅವರ ಫೋನಿನ ಹಾಟ್‌ಸ್ಪಾಟ್ ಕೊಟ್ಟರೂ ಆಯಿತು, ಅದರಿಂದ ನಿಮ್ಮ ಫೋನಿಗೆ ಏನೂ ತೊಂದರೆ ಇಲ್ಲ.

ಪುತ್ತೂರಿನಿಂದ:
ಬರೀ ಕೇಳಿದರೆ ಸಾಕು ಅಂದರೆ ನಿಮ್ಮ ಫೋನಿನಿಂದಲೇ ಕಾರಿನ ಸ್ಪೀಕರಿಗೆ ಹಾಕಿ. ಮ್ಯಾಪೂ ನಡೆಯುತ್ತದೆ, ತಿರುವು ಬಂದಾಗ ಅರ್ಥಗಾರಿಕೆ ಒಂದು ಕ್ಷಣ ಸಣ್ಣಗಾಗಿ ದಾರಿ ಹೇಳುತ್ತದೆ. ಫೋನನ್ನು ಮಾತ್ರ ಬಿಸಿಲು ಬೀಳುವ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ. ಮ್ಯಾಪ್, ವೈಫೈ ಒಟ್ಟಿಗೆ ನಡೆಯುವಾಗ ಅದು ಮೊದಲೇ ಬಿಸಿಯಾಗಿರುತ್ತದೆ.